ಸೆಟೆದು ನಿಲ್ಲುವ ರಟ್ಟು

ಒಂದು ಸೀರೆ ಡಬ್ಬಕ್ಕೆ ರಟ್ಟು ಹದಿನೆಂಟು ರೂಪಾಯಿ, ಮೇಲೆ ಅಂಟಿಸುವ ಬಣ್ಣದ ಕಾಗದ ಒಂಬತ್ತು, ಅಂಟು ಕಾಯಿಸುವುದಕ್ಕೆ ಮೈದಾ, ಹುಳ ಹಿಡಿಯದಂತೆ ಮೈಲುತುತ್ತ, ಗ್ಯಾಸು ಎಲ್ಲ ಸೇರಿ ಎರಡೂವರೆ, ಹೆಂಗಸರ ಕೂಲಿ ಹನ್ನೆರಡು, ಉದಯಗಿರಿಯಿಂದ ಕಡಕೊಳಕ್ಕೆ ಗೂಡ್ಸ್ ಆಟೋ ಬಾಡಿಗೆ ತಲಾ ಒಂದೂವರೆ. ಒಟ್ಟು ನಲವತ್ತಮೂರು. ಕಂಪನಿಯವರು ಕೊಡುವುದು ಐವತ್ತೆರಡು. ಉಳಿಯುವುದು ಒಂಬತ್ತು.

ಅದು ಮೊದಲ ಸಲದ ಲೆಕ್ಕ. ಮೊದಲ ಮಾದರಿ ಡಬ್ಬಗಳು ವಾಪಸ್ ಬಂದ ಮೇಲೆ ಪ್ರೇಮಮ್ಮ ಇನ್ನೊಂದಿಷ್ಟು ದಪ್ಪದ ರಟ್ಟು ತರಿಸಿದಳು, ಇಪ್ಪತ್ತನಾಲ್ಕು ರೂಪಾಯಿಯದು. ಆ ಡಬ್ಬಗಳೂ ವಾಪಸ್ ಬಂದವು. ಮೂರನೆಯ ಸಲ ಇಪ್ಪತ್ತೊಂಬತ್ತರ ರಟ್ಟು. ಕತ್ತರಿಸುವಾಗ ಗಂಡ ನಿಂಗಯ್ಯನ ಕೈಗೆ ಬಾವು ಬಂತು. ಡಬ್ಬ ಐವತ್ತನಾಲ್ಕಕ್ಕೆ ಹೋಗಿ ನಿಂತಿತು. ಅಂದರೆ ಒಂದೊಂದು ಡಬ್ಬಕ್ಕೂ ಕೈಯಿಂದಲೇ ಎರಡು ರೂಪಾಯಿ ಹಾಕಿ, ಮೇಲೆ ಕೈಮುಗಿದು ಕೊಟ್ಟು ಬರಬೇಕಾದ ಸ್ಥಿತಿ. ಅಷ್ಟಾದರೂ ತೊಗೊಂಡರೆ ಸಾಕು, ಕೆಲಸ ಹಿಡಿದ ಮೇಲೆ ದರ ಮಾತಾಡಿಕೊಳ್ಳೋಣ ಎಂದು ಬುಧವಾರ ಬೆಳಿಗ್ಗೆ ಹತ್ತು ಡಬ್ಬ ಹೊತ್ತು ಕಡಕೊಳಕ್ಕೆ ಹೋದಳು.

ರೇಷ್ಮೆ ಸೀರೆ ಕಂಪನಿಯ ಗೋಡೌನಿನಲ್ಲಿ ಸಾಮಾನು ಪರೀಕ್ಷೆ ಮಾಡಿ ತೆಗೆದುಕೊಳ್ಳುವವನು ನಿಶಾಂತ್. ಇನ್ನೂ ಮೂವತ್ತು ತುಂಬದ ಹುಡುಗ, ಮಾತಿನಲ್ಲಿ ಮರ್ಯಾದೆ, ಕೆಲಸದಲ್ಲಿ ಕರುಣೆ ಇಲ್ಲ. ಅವನು ಡಬ್ಬವನ್ನು ಮೇಜಿನ ಮೇಲಿಟ್ಟು, ಮುಚ್ಚಳದ ಮೇಲೆ ಅಡ್ಡಲಾಗಿ ಉದ್ದನೆಯ ಸ್ಟೀಲ್ ಸ್ಕೇಲು ಇಟ್ಟ. ಸ್ಕೇಲು ಎರಡು ಅಂಚಿನ ಮೇಲೆ ಕೂತಿತು, ನಡುವೆ ಸಂದು ಉಳಿಯಿತು. ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ಆ ಸಂದಿನಲ್ಲಿ ತಳ್ಳಿದ. ನಾಣ್ಯ ಈ ಕಡೆ ನುಗ್ಗಿ ಆ ಕಡೆ ಬಂತು.

"ನೋಡಿ ಪ್ರೇಮಮ್ಮೋರೆ. ಹೋದ ಸಲ ಎರಡು ನಾಣ್ಯ ಹೋಗ್ತಿತ್ತು, ಈ ಸಲ ಒಂದು. ಆದ್ರೆ ಡಬ್ಬ ಎತ್ತಿದ್ರೆ ಇಟ್ಟಿಗೆ ಎತ್ತಿದ ಹಾಗಾಗುತ್ತೆ. ಇದನ್ನ ಕೊರಿಯರ್‌ನಲ್ಲಿ ಕಳ್ಸಿದ್ರೆ ಸೀರೆಗಿಂತ ಡಬ್ಬದ ತೂಕಕ್ಕೇ ದುಡ್ಡು."

"ಗಟ್ಟಿ ಬೇಕು ಅಂದ್ರಲ್ಲಪ್ಪ ನೀವೇ?"

"ಗಟ್ಟಿ ಅಂದಿಲ್ಲ. ರಿಜಿಡ್ ಅಂದಿದೀವಿ. ಆರ್ಡರ್ ಪೇಪರಲ್ಲೂ ಹಾಗೇ ಇದೆ." ಅವನು ಕೆಂಪು ಪೆನ್ನಿನಲ್ಲಿ ಚೀಟಿಯ ಮೇಲೆ ಮೂರನೆಯ ಸಲವೂ ಅದೇ ಎರಡು ಇಂಗ್ಲಿಷ್ ಪದ ಬರೆದ: ನಾಟ್ ರಿಜಿಡ್. "ಸೋಮವಾರ ಹನ್ನೊಂದು ಗಂಟೆಗೆ ಕೊನೇ ಸಲ. ಸರಿಯಾದ್ರೆ ಐದು ಸಾವಿರ ಡಬ್ಬ ನಿಮ್ದೇ. ಮದುವೆ ಸೀಸನ್ನಿಗೆ ಮೊದ್ಲು ಎರಡು ಸಾವಿರ, ಆಮೇಲೆ ಮೂರು. ಇಲ್ದಿದ್ರೆ ಬೇರೆ ಪಾರ್ಟಿ ಇದಾರೆ, ನಾನೇನು ಮಾಡೋಕೂ ಆಗಲ್ಲ."

ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಪ್ರೇಮಮ್ಮ ಕೂರಲಿಲ್ಲ. ಕೂತರೆ ಯೋಚನೆ ಬರುತ್ತೆ ಅನ್ನಿಸಿ, ನಿಂತೇ ಬಂದಳು. ಆದರೂ ಬಂತು.

ಉದಯಗಿರಿಯ ಆ ಮನೆಯ ಕೆಳಗಿನ ಅಂತಸ್ತಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಡಬ್ಬ ಮಾಡಿಸುತ್ತಿದ್ದಾಳೆ. ಸಿಹಿತಿಂಡಿ ಡಬ್ಬ, ಬಳೆ ಡಬ್ಬ, ಗಂಧದ ಕೊರಡು ಇಡುವ ಸಣ್ಣ ಡಬ್ಬ. ಅಂಗೈಯಗಲದ ಡಬ್ಬಗಳವು, ಬಾಗುವುದಕ್ಕೆ ಜಾಗವೇ ಇರದಂಥವು. ಎರಡು ವರ್ಷದಿಂದೀಚೆಗೆ ಸಿಹಿ ಅಂಗಡಿಯವರು ಒಬ್ಬೊಬ್ಬರಾಗಿ ಪ್ಲಾಸ್ಟಿಕ್ ಡಬ್ಬಕ್ಕೆ ಹೋದರು. ಕೂಲಿಗೆ ಬರುವ ಸುಮಾ ಮತ್ತು ಇನ್ನೈದು ಹೆಂಗಸರಿಗೆ ವಾರಕ್ಕೆ ಮೂರು ದಿನ ಕೆಲಸ, ನಾಲ್ಕು ದಿನ ಹರಟೆ ಎನ್ನುವ ಹಾಗಾಗಿತ್ತು. ಈ ಸೀರೆ ಡಬ್ಬ ಸಿಕ್ಕರೆ ಆರು ಜನರಿಗೂ ದಿನಾ ಕೆಲಸ. ಸಿಗದಿದ್ದರೆ ಯುಗಾದಿಗೆ ಬಾಗಿಲು ಹಾಕಬೇಕು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

"ಏನಂದ?" ಎಂದ ನಿಂಗಯ್ಯ, ಕತ್ತರಿ ಯಂತ್ರದ ಹಿಡಿ ಬಿಡದೆ.

"ರಿಜಿಡ್ ಇಲ್ವಂತೆ."

"ಇನ್ನೂ ದಪ್ಪ ಬೇಕಂತಾ? ಇನ್ನು ದಪ್ಪ ಅಂದ್ರೆ ಬಾಗ್ಲು ಹಲಗೇನೇ ಕುಯ್ದು ಕೊಡ್ಬೇಕು ಕಣೇ. ಬುಟ್ಟಾಕು ಅತ್ಲಾಗೆ. ಇದು ನಮ್ ಕೈಗೆ ಅತ್ತೋ ಕೆಲ್ಸ ಅಲ್ಲ."

"ಬುಡಲ್ಲ," ಎಂದಳು ಪ್ರೇಮಮ್ಮ. "ದಪ್ಪಾನೂ ಇಡಲ್ಲ. ಎರಡು ಸಲ ದಪ್ಪ ಇಟ್ಟು ಎರಡು ಸಲಾನೂ ಕೆಟ್ಟಿದೀನಿ. ಮೂರನೇ ಸಲಾನೂ ಅದೇ ಮಾಡೋಕೆ ನಂಗೇನು ತಲೆ ಕೆಟ್ಟಿದ್ಯಾ?"

ಅಂಟು ಬಳಿಯುತ್ತಿದ್ದ ಸುಮಾ ತಲೆ ಎತ್ತದೆ ಹೇಳಿದಳು: "ಹಂಗಾರೆ ಏನ್ ಮಾಡೋದು ಪ್ರೇಮಕ್ಕ?"

"ಆ ಪದ ಏನು ಅಂತ ಮೊದ್ಲು ತಿಳ್ಕೊಳೋದು. ಇಷ್ಟು ದಿನ ಅದುನ್ನ ಬುಟ್ಟು ಬೇರೆಲ್ಲ ಮಾಡಿದೀನಿ."

ಬೀದಿಯ ಕೊನೆಯ ಮನೆಯಲ್ಲಿದ್ದವರು ಚೆಲುವಯ್ಯ. ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದವರು. ಕಾಡಿನಿಂದ ತಂದ ಎಲೆ, ಹೂವು, ಕಡ್ಡಿಗಳನ್ನು ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಹೆಸರಿನ ಚೀಟಿ ಹಚ್ಚಿ ಕಪಾಟಿನಲ್ಲಿ ಇಡುವುದು ಅವರ ಕೆಲಸ. ಆ ಹೆಸರುಗಳೆಲ್ಲ ಲ್ಯಾಟಿನ್ನಿನಲ್ಲಿ ಇರುತ್ತಿದ್ದವು. ಓದಿದ್ದು ಏಳನೇ ಕ್ಲಾಸು. ಆದರೆ ಏನು ಅಂಟಿಸುತ್ತಿದ್ದೇನೆ ಎಂದು ತಿಳಿಯದೆ ಅಂಟಿಸುವುದು ಅವರ ಜಾಯಮಾನಕ್ಕೆ ಒಗ್ಗದ ಸಂಗತಿ. ಒಂದೊಂದು ಚೀಟಿಗೂ ಪ್ರೊಫೆಸರರ ಬಾಗಿಲಲ್ಲಿ ನಿಂತು, "ಸಾರ್, ಇದರ ಅರ್ಥ?" ಎಂದು ಕೇಳಿ ಕೇಳಿ, ನಿವೃತ್ತಿಯ ಹೊತ್ತಿಗೆ ಹೊಸದಾಗಿ ಸೇರಿದ ಮೇಷ್ಟ್ರುಗಳು ಇವರ ಬಾಗಿಲಲ್ಲಿ ನಿಂತು ಕೇಳುವ ಹಾಗಾಗಿತ್ತು.

ಗುರುವಾರ ಬೆಳಿಗ್ಗೆ ಪ್ರೇಮಮ್ಮ ಕೆಂಪು ಚೀಟಿ ಹಿಡಿದು ಹೋದಾಗ ಅವರು ಜಗಲಿಯ ಮೇಲೆ ಕಾಫಿ ಆರಿಸಿಕೊಳ್ಳುತ್ತಿದ್ದರು.

"ರಿಜಿಡ್ಡಾ? ಕೂತ್ಕೊ ಕಣಮ್ಮ. ಇದು ಹಳೇ ಸ್ನೇಹಿತ. ಎಷ್ಟೋ ಎಲೆಗಳ ಹೆಸರಿನ ಬಾಲದಲ್ಲಿ ರಿಗಿಡಾ, ರಿಗಿಡುಸ್ ಅಂತ ಇರ್ತಿತ್ತು. ಲ್ಯಾಟಿನ್ನು."

"ಲ್ಯಾಟಿನ್ ಅಂದ್ರೆ ಯಾರ ಮನೆ ಮಾತು ಚೆಲುವಣ್ಣ?"

"ಒಂದು ಕಾಲದಲ್ಲಿ ರೋಮಿನೋರದ್ದು. ಈಗ ಯಾರ ಮನೆ ಮಾತೂ ಅಲ್ಲ. ಅದಕ್ಕೇ ನೋಡು, ಅದನ್ನ ತಪ್ಪು ಮಾತಾಡಿದ್ರೂ ಯಾರೂ ಜಗಳಕ್ಕೆ ಬರಲ್ಲ."

"ಅರ್ಥ ಏನು? ದಪ್ಪ ಅಂತಾನಾ?"

"ದಪ್ಪಾನಾ?" ಚೆಲುವಯ್ಯ ಲೋಟ ಕೆಳಗಿಟ್ಟರು. "ಹುಲ್ಲುಕಡ್ಡಿಯಂಥ ಎಲೆಗೂ ಆ ಹೆಸರು ಇಟ್ಟಿದಾರಮ್ಮ. ದಪ್ಪಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ರಿಗೇರೆ ಅಂತ ಒಂದು ಕ್ರಿಯಾಪದ. ಸೆಟೆದುಕೊಂಡಿರೋದು ಅಂತ ಅರ್ಥ. ಅದರಿಂದ ರಿಗಿಡುಸ್, ಸೆಟೆದದ್ದು. ಇಂಗ್ಲಿಷಿನೋರು ಬಾಲ ಕತ್ತರಿಸಿ ರಿಜಿಡ್ ಅಂದ್ರು."

"ಸೆಟೆಯೋದು ಅಂದ್ರೆ? ಗಂಜಿ ಹಾಕಿದ ಪಂಚೆ ಥರ?"

"ಚಳಿಗೆ ಮೈ ಸೆಟೆಯುತ್ತಲ್ಲ, ಹಾಗೆ. ನಮ್ಮ ಸಾರು ಹಾಗೇ ಹೇಳ್ಕೊಟ್ಟಿದ್ದು. ಅದರ ಅಣ್ಣನೋ ತಮ್ಮನೋ ಇನ್ನೊಂದು ಪದ ಇದೆ, ರಿಗೋರ್. ಡಾಕ್ಟರುಗಳು ಈಗಲೂ ಬರೀತಾರೆ. ಚಳಿಜ್ವರ ಬಂದೋರ ಚೀಟೀಲಿ ನೋಡು, ಜ್ವರ ವಿತ್ ರಿಗರ್ ಅಂತ ಇರುತ್ತೆ. ಸತ್ತೋರ ಮೈ ಸೆಟೆಯೋದಕ್ಕೂ ಅದೇ ಪದ. ಆ ಮಾತು ಬೆಳಿಗ್ಗೆ ಬೆಳಿಗ್ಗೆ ಬೇಡ ಬಿಡು."

ಪ್ರೇಮಮ್ಮನಿಗೆ ನೆನಪಾದದ್ದು ನಿಂಗಯ್ಯನ ಮಲೇರಿಯಾ. ಅದಾಗಿ ಹದಿನೈದು ವರ್ಷ. ಮೂರು ಕಂಬಳಿ ಹೊದಿಸಿದರೂ ನಿಲ್ಲದ ನಡುಕ. ಕೈಗೆ ಲೋಟ ಹಿಡಿಸಿ ಮಾತ್ರೆ ನುಂಗಿಸಬೇಕೆಂದು ಅವನ ಮೊಣಕೈ ಬಗ್ಗಿಸಲು ಹೋದರೆ ಬಗ್ಗಲೇ ಇಲ್ಲ. ಆಗ ಅವಳು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಒಳಗಡೆಯ ಸ್ನಾಯು ಕಲ್ಲಾಗಿತ್ತು, ಹೊರಗಡೆಯದೂ ಕಲ್ಲಾಗಿತ್ತು. ಬಡಕಲು ತೋಳು, ದಪ್ಪ ಏನೂ ಇರಲಿಲ್ಲ. ಆದರೂ ಬಗ್ಗಲಿಲ್ಲ.

ಅವಳು ತನ್ನ ತೋಳನ್ನು ಮುಂದೆ ಚಾಚಿದಳು. ಒಳಗಿನದನ್ನು ಮಾತ್ರ ಬಿಗಿ ಮಾಡಿದಳು. ಕೈ ಮಡಚಿಕೊಂಡಿತು. ಎರಡನ್ನೂ ಬಿಗಿ ಮಾಡಿದಳು. ಕೈ ನೆಟ್ಟಗೆ ನಿಂತಿತು.

"ಏನಮ್ಮ ಅದು, ಯೋಗಾಸನ?" ಎಂದರು ಚೆಲುವಯ್ಯ.

"ಚೆಲುವಣ್ಣ, ನಾನು ಕಾಗದ ಒಂದೇ ಕಡೆ ಅಂಟಿಸ್ತೀನಿ."

"ಹೂಂ?"

"ಒದ್ದೆ ಕಾಗದ ಒಣಗಿದ್ರೆ ಎಳೆಯುತ್ತೆ. ರಟ್ಟನ್ನ ಒಂದೇ ಕಡೆಗೆ ಎಳೆಯುತ್ತೆ. ರಟ್ಟು ಮಡಚಿಕೊಳ್ಳುತ್ತೆ. ಇಪ್ಪತ್ತೆರಡು ವರ್ಷದಿಂದ ಒಳಗಡೆ ಯಾರು ನೋಡ್ತಾರೆ, ಕಾಗದ ದಂಡ ಅಂತ ಬರಿದು ಬುಟ್ಟಿದೀನಿ. ಸಣ್ಣ ಡಬ್ಬದಲ್ಲಿ ಗೊತ್ತಾಗ್ಲಿಲ್ಲ." ಅವಳು ಎದ್ದೇ ಬಿಟ್ಟಳು. "ಒಳಗಡೇನೂ ಎಳೀಬೇಕು."

"ಕಾಫಿ ಕುಡಿದು ಹೋಗು!"

"ಬಂದು ಕುಡೀತೀನಿ!" ಎಂದದ್ದು ಗೇಟಿನಾಚೆಯಿಂದ ಕೇಳಿಸಿತು.

ಅವತ್ತೇ ಹದಿನೆಂಟು ರೂಪಾಯಿಯ ತೆಳು ರಟ್ಟನ್ನು ಮತ್ತೆ ಕೆಳಗಿಳಿಸಿದರು. ಹೊರಗೆ ಬಣ್ಣದ ಕಾಗದ, ಒಳಗೆ ಬಿಳಿ ಕಾಗದ. ಒಳಗಿನ ಕಾಗದಕ್ಕೂ ಅಂಟಿಗೂ ಸೇರಿ ಐದು ರೂಪಾಯಿ ಹೆಚ್ಚು. ಡಬ್ಬ ನಲವತ್ತೆಂಟಕ್ಕೆ ಬರುತ್ತೆ, ನಾಲ್ಕು ಉಳಿಯುತ್ತೆ, ಎಂದು ಪ್ರೇಮಮ್ಮ ಬಾಯಲ್ಲೇ ಲೆಕ್ಕ ಹಾಕಿದಳು. ಅಂಟಿಸಿದ ರಟ್ಟಿನ ಹಾಳೆಗಳನ್ನು ಶುಕ್ರವಾರ ಬೆಳಿಗ್ಗೆ ತಾರಸಿಯ ಮೇಲೆ ಸಾಲಾಗಿ ಬಿಸಿಲಿಗೆ ಹರಡಿದರು. ಆ ಬೀದಿಯಲ್ಲಿ ಒದ್ದೆಯಾದದ್ದೆಲ್ಲ ಹೋಗುವುದು ತಾರಸಿಗೇ. ಹಪ್ಪಳ, ಸಂಡಿಗೆ, ಹಾಸಿಗೆ, ಮಳೆಯಲ್ಲಿ ನೆಂದ ಮಕ್ಕಳ ಪುಸ್ತಕ. ರಟ್ಟೂ ಇಪ್ಪತ್ತೆರಡು ವರ್ಷದಿಂದ ಅಲ್ಲೇ ಒಣಗಿದ್ದು.

ಮಧ್ಯಾಹ್ನ ಮೇಲೆ ಹೋದ ಸುಮಾ ಅಲ್ಲಿಂದಲೇ ಕೂಗಿದಳು. "ಪ್ರೇಮಕ್ಕಾ, ಬಾ ಇಲ್ಲಿ! ಇವು ಡ್ಯಾನ್ಸ್ ಮಾಡ್ತಾವೆ!"

ಹಾಳೆಗಳು ಈ ಸಲ ಬಾಗಿರಲಿಲ್ಲ, ತಿರುಚಿಕೊಂಡಿದ್ದವು. ಒಂದು ಮೂಲೆ ಮೇಲೆ, ಎದುರು ಮೂಲೆಯೂ ಮೇಲೆ. ನಿಂಗಯ್ಯ ಒಂದನ್ನು ಎತ್ತಿ ನೆಲದ ಮೇಲಿಟ್ಟು ಬೆರಳಲ್ಲಿ ಒತ್ತಿದ. ಅದು ಟಕ್ ಟಕ್ ಎಂದು ಆಡಿತು.

"ತೊಟ್ಟಿಲು ಮಾಡ್ಬೋದು ಕಣೇ," ಎಂದ. "ಸೀರೆ ಮಲಗ್ಸಿ ತೂಗ್ಲಿ ಅವ್ನು."

ಬೇರೆ ದಿನವಾಗಿದ್ದರೆ ಪ್ರೇಮಮ್ಮ ನಗುತ್ತಿದ್ದಳು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಿಸಿಲಿಗೆ ಮುಖ ಮಾಡಿದ ಕಡೆ ಗರಿಗರಿಯಾಗಿ ಒಣಗಿತ್ತು. ನೆಲದ ಕಡೆ ಇನ್ನೂ ಪಸೆ ಇತ್ತು. ಒಂದು ಮೊದಲು ಎಳೆದಿದೆ, ಇನ್ನೊಂದು ತಡವಾಗಿ ಎಳೆದಿದೆ. ಎರಡೂ ಒಟ್ಟಿಗೆ ಎಳೆಯಬೇಕು. ಅಷ್ಟೇ ಕೆಲಸ ಉಳಿದಿರುವುದು. ಆದರೆ ಹೇಗೆ?

ಸಂಜೆ ಚೆಲುವಯ್ಯ ಕೈ ಹಿಂದೆ ಕಟ್ಟಿಕೊಂಡು ತಾವಾಗಿಯೇ ಬಂದರು. ಕಾಫಿ ಕುಡಿಯದೆ ಓಡಿದವಳು ಏನು ಮಾಡಿದಳೋ ನೋಡೋಣ ಎಂದು. ತಿರುಚಿದ ಹಾಳೆ ನೋಡಿ ಅವರು ಗಹಗಹಿಸಿ ನಕ್ಕರು.

"ಬಿಸಿಲಿಗೆ ಇಟ್ಯಾ? ನಮ್ಮಲ್ಲಿ ಯಾರಾದ್ರೂ ಎಲೆನ ಬಿಸಿಲಿಗೆ ಇಟ್ಟಿದ್ರೆ ಸಾರು ಕೆಲಸದಿಂದ ತೆಗೀತಿದ್ರು. ನೆರಳಲ್ಲಿ, ಭಾರದ ಕೆಳಗೆ. ಎರಡೂ ಕಡೆ ಹಳೇ ಪೇಪರು. ಪೇಪರು ಪಸೆ ಕುಡಿಯುತ್ತೆ. ದಿನಾ ಬೆಳಿಗ್ಗೆ ಆ ಪೇಪರು ತೆಗೆದು ಒಣಗಿದ್ದು ಇಡಬೇಕು. ಮೂರು ದಿನ. ಅವಸರ ಮಾಡಂಗಿಲ್ಲ."

"ಮೂರು ದಿನ!" ಎಂದ ನಿಂಗಯ್ಯ. "ಸೋಮವಾರ ಕೊಡ್ಬೇಕು ಚೆಲುವಣ್ಣ, ನಾಳೆ ಇಟ್ರೂ ಮಂಗಳವಾರ ಆಯ್ತದೆ."

"ಒಣಗಿದೆಯೋ ಇಲ್ವೋ ಕೈಗೆ ಗೊತ್ತಾಗಲ್ಲ. ಕೆನ್ನೆಗೆ ಇಟ್ಟು ನೋಡಿ. ತಣ್ಣಗಿದ್ರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಕೆನ್ನೆ ಸುಳ್ಳು ಹೇಳಲ್ಲ."

ಶನಿವಾರ ಬೆಳಿಗ್ಗೆ ಹೊಸ ಹಾಳೆಗಳನ್ನು ಎರಡೂ ಕಡೆ ಅಂಟಿಸಿ, ನಡುನಡುವೆ ಹಳೇ ಪೇಪರು ಹಾಕಿ, ಒಳಕೋಣೆಯ ನೆಲದಲ್ಲಿ ಒಂದರ ಮೇಲೊಂದು ಪೇರಿಸಿದರು. ಮೇಲೆ ಹಳೆಯ ಮಂಚದ ಹಲಗೆ. ಇನ್ನು ಭಾರ ಬೇಕು. ಎದುರು ಮನೆಯವರು ಕಾಂಪೌಂಡ್ ಕಟ್ಟಿಸಲು ಸೈಜುಗಲ್ಲು ಇಳಿಸಿದ್ದರು. ಪ್ರೇಮಮ್ಮ ಹೋಗಿ, "ಮಂಗಳವಾರ ವಾಪಸ್ ಕೊಡ್ತೀನಿ, ಇಪ್ಪತ್ತು ಕಲ್ಲು" ಎಂದು ಕೇಳಿದಳು. ಸಕ್ಕರೆ ಸಾಲ ಕೇಳಿದವರುಂಟು, ಕಲ್ಲು ಸಾಲ ಕೇಳಿದವರನ್ನು ಆ ಮನೆಯವರು ಕಂಡಿರಲಿಲ್ಲ. ಬೆರಗಿಗೇ ಹೂಂ ಅಂದರು. ಹೆಂಗಸರು ಇಬ್ಬಿಬ್ಬರು ಒಂದೊಂದು ಕಲ್ಲು ಹೊತ್ತು ತಂದರು. ಹದಿನಾಲ್ಕಕ್ಕೆ ಸೊಂಟ ಸೋತಿತು. ಉಳಿದ ಜಾಗದಲ್ಲಿ ತುಂಬಿದ ಗ್ಯಾಸ್ ಸಿಲಿಂಡರು, ರುಬ್ಬುವ ಕಲ್ಲು. ಮಧ್ಯಾಹ್ನ ಊಟಕ್ಕೆ ಆರು ಜನವೂ ಹಲಗೆಯ ಅಂಚಿಗೇ ಕೂತರು.

"ನನ್ ತೂಕ ಇಷ್ಟು ದಿನಕ್ಕೆ ಉಪಯೋಗಕ್ಕೆ ಬಂತು," ಎಂದಳು ಸುಮಾ, ಮುದ್ದೆ ಮುರಿಯುತ್ತ. "ಪ್ರೇಮಕ್ಕ, ಕೂತಿದ್ದಕ್ಕೂ ಕೂಲಿ ಕೊಡ್ತೀಯಾ?"

"ಕೊಡ್ತೀನಿ. ಕೆಜಿ ಲೆಕ್ಕದಲ್ಲಿ."

"ಹಂಗಾರೆ ಇನ್ನೊಂದು ಮುದ್ದೆ ಹಾಕು."

ಭಾನುವಾರ ಬೆಳಿಗ್ಗೆ ಕಲ್ಲುಗಳನ್ನೆಲ್ಲ ಇಳಿಸಿ, ಪಸೆ ಕುಡಿದ ಪೇಪರು ತೆಗೆದು, ಒಣಗಿದ್ದು ಹಾಕಿ, ಮತ್ತೆ ಕಲ್ಲು ಹೇರಿದರು. ಸಂಜೆ ನಾಲ್ಕರ ಹೊತ್ತಿಗೆ ನಿಂಗಯ್ಯ ತಡೆಯಲಾರದೆ ಪಕ್ಕದಿಂದ ಒಂದು ಹಾಳೆ ಎಳೆದ. ಬೆಳಕಿಗೆ ಹಿಡಿದು ನೋಡಿದ. ದಾರ ಎಳೆದ ಹಾಗೆ ನೆಟ್ಟಗಿತ್ತು. ಅವನ ಮುಖ ಅರಳಿತು.

"ಆಯ್ತು ನೋಡೇ! ಈಗ್ಲೇ ಕುಯ್ದು ಡಬ್ಬ ಕಟ್ಟಿದ್ರೆ ಬೆಳಗಾಗೋದ್ರೊಳಗೆ ಹತ್ತು ಡಬ್ಬ. ನಾಳೆ ಹನ್ನೊಂದಕ್ಕೆ ಅಲ್ಲಿರ್ತೀವಿ."

ಪ್ರೇಮಮ್ಮ ಹಾಳೆ ತೆಗೆದುಕೊಂಡು ಕೆನ್ನೆಗೆ ಒತ್ತಿದಳು. ಮಡಕೆಗೆ ಕೆನ್ನೆ ಇಟ್ಟ ಹಾಗೆ ತಣ್ಣಗಿತ್ತು.

"ಒಣಗಿಲ್ಲ ರೀ."

"ಎಲ್ ಒಣಗಿಲ್ಲ? ನೆಟ್ಟಗದೆ!"

"ಕಲ್ಲಿನ ಕೆಳಗೆ ಇದ್ದಿದ್ದಕ್ಕೆ ನೆಟ್ಟಗಿದೆ. ಆಚೆ ಬಂದು ಒಣಗಿದ ಮೇಲೆ ಏನಾಗುತ್ತೋ ಯಾರಿಗ್ಗೊತ್ತು."

"ನಾಳೆ ಹನ್ನೊಂದು ಗಂಟೆಗೆ ನೆಟ್ಟಗಿದ್ರೆ ಸಾಕಲ್ವೇನೇ? ಅವ್ನು ಸ್ಕೇಲಿಡ್ತಾನೆ, ನಾಣ್ಯ ಓಗಲ್ಲ, ಸಹಿ ಆಕ್ತಾನೆ. ಆರ್ಡರ್ ಕೈಗೆ ಬಂದ್ಮೇಲೆ ನಿಧಾನಕ್ಕೆ ಒಣಗ್ಸಿ ಒಳ್ಳೇದೇ ಮಾಡ್ಕೊಡಾವ. ಯಾರ್ಗೆ ಮೋಸ ಆಯ್ತು?"

ಮಾತು ತೆಗೆದುಹಾಕುವ ಹಾಗಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಸುಮಾಳ ಮುಖದಲ್ಲೂ ಅದೇ ಮಾತು ಇತ್ತು. ಸುಮಾಳ ಮಗಳು ಈ ವರ್ಷ ಪಿಯುಸಿ. ಎರಡು ಸಾವಿರ ಡಬ್ಬ ಅಂದರೆ ಆರು ಹೆಂಗಸರಿಗೆ ಕೂಲಿಯೇ ಇಪ್ಪತ್ತನಾಲ್ಕು ಸಾವಿರ. ಪ್ರೇಮಮ್ಮ ಅದನ್ನೂ ನೋಡಿದಳು, ಕೈಯಲ್ಲಿದ್ದ ಹಾಳೆಯನ್ನೂ ನೋಡಿದಳು.

"ಅವನು ಆ ಹತ್ತು ಡಬ್ಬಾನ ಕಪಾಟಲ್ಲಿ ಇಟ್ಕೋತಾನೆ," ಎಂದಳು ನಿಧಾನವಾಗಿ. "ನಾಲ್ಕು ದಿನಕ್ಕೆ ಅವು ಸೊಟ್ಟ ಆದ್ರೆ, ನಾವು ಕೊಟ್ಟ ಮಾದರೀನೇ ನಮ್ಮ ಮೇಲೆ ಸಾಕ್ಷಿ ಹೇಳುತ್ತೆ. ಆಗ ಎರಡು ಸಾವಿರಾನೂ ಇಲ್ಲ, ಮೂರು ಸಾವಿರಾನೂ ಇಲ್ಲ. ಮಾಡಿಟ್ಟ ಮಾಲು ನಮ್ಮ ತಲೆ ಮೇಲೆ. ಸೆಟೆದದ್ದು ಬೇಕು ಅಂತ ಕೇಳಿದಾನೆ. ಸೆಟೆದದ್ದೇ ಕೊಡ್ತೀನಿ. ಸೆಟೆದ ಹಾಗೆ ಕಾಣೋದನ್ನ ಕೊಡಲ್ಲ."

"ನಿನ್ನಂಥ ಹಟಮಾರಿನ ನಾ ಕಂಡಿಲ್ಲ ಕಣೇ."

"ಮೂವತ್ತು ವರ್ಷದಿಂದ ದಿನಾ ಕಾಣ್ತಾನೇ ಇದೀರಲ್ಲ. ಫೋನ್ ಕೊಡಿ."

ನಿಶಾಂತ್ ಮೂರನೆಯ ಸಲಕ್ಕೆ ಫೋನು ಎತ್ತಿದ. ಹಿಂದೆ ಮಕ್ಕಳ ಗಲಾಟೆ, ಟಿವಿಯಲ್ಲಿ ಕ್ರಿಕೆಟ್ಟು.

"ಭಾನುವಾರಾನೂ ಬಿಡಲ್ವಾ ಪ್ರೇಮಮ್ಮೋರೆ?"

"ತಪ್ಪು ತಿಳ್ಕೋಬೇಡಿ ಕಣಪ್ಪ. ನಾಳೆ ಬರೋಕಾಗಲ್ಲ. ಬುಧವಾರ ತರ್ತೀನಿ. ರಟ್ಟು ಒಣಗಬೇಕು. ಇಷ್ಟು ದಿನ ನಾನು ಒಣಗಿಸ್ತಿದ್ದಿದ್ದೇ ತಪ್ಪು. ಈಗ ದಾರಿ ಸಿಕ್ಕಿದೆ."

ಆ ಕಡೆ ಟಿವಿಯ ಸದ್ದು ತಗ್ಗಿತು.

"ನೋಡೀಮ್ಮ, ಸೋಮವಾರ ಅಂದ್ರೆ ಸೋಮವಾರ. ಎರಡು ಸಾವಿರದ್ದು ನಾಳೇನೇ ಯಾರಿಗಾದ್ರೂ ಕೊಡಬೇಕು. ನೀವು ಬರದೇ ಇದ್ರೆ ಬೆಂಗಳೂರಿನವರಿಗೆ ಕೊಟ್ಟುಬಿಡ್ತೀನಿ."

ನಿಂಗಯ್ಯ ಕೈಸನ್ನೆ ಮಾಡಿದ: ಹೂಂ ಅನ್ನು, ನಾಳೆ ಬರ್ತೀನಿ ಅನ್ನು. ಪ್ರೇಮಮ್ಮ ಅವನ ಕಡೆ ಬೆನ್ನು ತಿರುಗಿಸಿದಳು.

"ಕೊಡಿ," ಎಂದಳು. "ಉಳಿದ ಮೂರು ಸಾವಿರ?"

"ಅದಕ್ಕೆ ಇನ್ನೂ ಟೈಮಿದೆ. ಬುಧವಾರ ತನ್ನಿ, ನೋಡೋಣ. ಮಾತು ಕೊಡಲ್ಲ."

"ಮಾತು ಬೇಡ. ನೋಡಿ ಸಾಕು."

ಫೋನು ಇಟ್ಟ ಮೇಲೆ ನಿಂಗಯ್ಯ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋದವನು ರಾತ್ರಿ ಊಟಕ್ಕೇ ಬಂದದ್ದು. ಸುಮಾ ಹೋಗುವಾಗ ಹೋಗಿ ಬರ್ತೀನಿ ಎಂದು ಹೇಳಲಿಲ್ಲ. ಪ್ರೇಮಮ್ಮ ಎಳೆದ ಹಾಳೆಯನ್ನು ಮತ್ತೆ ಸಾಲಿಗೆ ಸೇರಿಸಿ, ಸರಿದಿದ್ದ ಕಲ್ಲನ್ನು ಒಬ್ಬಳೇ ತಳ್ಳಿ ಜಾಗಕ್ಕೆ ಕೂರಿಸಿದಳು.

ಸೋಮವಾರ ಪೇಪರು ಬದಲಾಯಿಸಲು ಐವರು ಬಂದರು. ಸುಮಾ ಬರಲಿಲ್ಲ. ಹನ್ನೊಂದು ಗಂಟೆ ಬಂತು, ಹೋಯಿತು. ಯಾರೂ ಗಡಿಯಾರದ ಕಡೆ ನೋಡಲಿಲ್ಲ ಎಂದರೆ ಎಲ್ಲರೂ ನೋಡಿದರು ಎಂದೇ ಅರ್ಥ. ಮಂಗಳವಾರ ಬೆಳಿಗ್ಗೆ ಸುಮಾ ಬಂದು, ಏನೂ ಆಗದವಳ ಹಾಗೆ ಸೆರಗು ಸಿಕ್ಕಿಸಿ ಕಲ್ಲಿಗೆ ಕೈ ಹಾಕಿದಳು.

"ನಿನ್ನೆ ಎಲ್ಲೋಗಿದ್ದೆ?" ಎಂದಳು ಪ್ರೇಮಮ್ಮ.

"ಬನ್ನಿಮಂಟಪದ ಹತ್ರ ಒಂದು ಗಾರ್ಮೆಂಟ್ಸಲ್ಲಿ ಕೆಲಸ ಕೇಳೋಕೆ."

"ಸಿಕ್ತಾ?"

"ಸಿಕ್ತು. ಒಂದನೇ ತಾರೀಕಿಂದ ಬಾ ಅಂದವ್ರೆ. ಇದು ಆಗ್ದಿದ್ರೆ ಹೋಯ್ತೀನಿ. ಮುಚ್ಚಿಟ್ಟು ಏನು, ನಿಂಗೆ ಹೇಳಿದೀನಿ."

"ಸರಿಯಾಗಿ ಮಾಡಿದೀಯ," ಎಂದಳು ಪ್ರೇಮಮ್ಮ. ಅವಳಿಗೆ ನೋವಾಯಿತು. ಆದರೆ ತಾನು ಸುಮಾ ಆಗಿದ್ದರೆ ಅದನ್ನೇ ಮಾಡುತ್ತಿದ್ದೆ ಎಂಬುದೂ ಗೊತ್ತಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಕಲ್ಲು ಇಳಿಯಿತು. ಪ್ರೇಮಮ್ಮ ಮೇಲಿನ ಹಾಳೆ ತೆಗೆದು ಕೆನ್ನೆಗೆ ಇಟ್ಟಳು. ನಡುವಿನದನ್ನು ಇಟ್ಟಳು. ಅಡಿಯದನ್ನು ಇಟ್ಟಳು. ತಣ್ಣಗಿರಲಿಲ್ಲ. ಕೊನೆಯದನ್ನು ನಿಂಗಯ್ಯನ ಕೆನ್ನೆಗೂ ಒತ್ತಿದಳು. ಭಾನುವಾರದಿಂದ ಅಳೆದು ತೂಗಿ ಮಾತಾಡುತ್ತಿದ್ದವನು, "ಬೆಚ್ಚಗದೆ" ಎಂದ. ಜಗಳಕ್ಕೆ ಮುಂಚಿನ ಸ್ವರ ಅದು. ಯಂತ್ರದ ಹಿಡಿ ಹಿಡಿದು ಕತ್ತರಿಸಲು ಶುರು ಮಾಡಿದ. ಗೆರೆ ಕೊರೆದು, ಮಡಚಿ, ಮೂಲೆಗೆ ಪಟ್ಟಿ ಹಚ್ಚಿ, ಅಂಚು ಕಟ್ಟಿ, ದೀಪ ಹಚ್ಚುವ ಹೊತ್ತಿಗೆ ಹತ್ತು ಡಬ್ಬ ಆದವು.

ಬುಧವಾರ ಕಡಕೊಳದಲ್ಲಿ ನಿಶಾಂತ್ ಒಂದು ಡಬ್ಬ ಎತ್ತಿ ಕೈಯಲ್ಲಿ ತೂಗಿದ. ಹುಬ್ಬು ಮೇಲೆ ಹೋಯಿತು. "ಹಳೇ ರಟ್ಟಾ ಇದು? ಮೊದಲನೇ ಸಲದ್ದು?"

"ಅದೇ ರಟ್ಟು."

ಸ್ಕೇಲು ಇಟ್ಟ. ಸ್ಕೇಲು ಮುಚ್ಚಳದ ಮೇಲೆ ಮಲಗಿತು. ನಾಣ್ಯ ತಳ್ಳಿದ, ಹೋಗಲಿಲ್ಲ. ಚೀಟಿಯ ತುದಿ ತಳ್ಳಿದ, ಅದೂ ಹೋಗಲಿಲ್ಲ. ಅಡ್ಡಲಾಗಿ ಇಟ್ಟ, ಮೂಲೆಯಿಂದ ಮೂಲೆಗೆ ಇಟ್ಟ. ಹತ್ತು ಡಬ್ಬಕ್ಕೂ ಇಟ್ಟ. ಆಮೇಲೆ ಒಂದರ ಮೇಲೆ ಹತ್ತು ಕೆಜಿಯ ತೂಕದ ಕಲ್ಲು ಇಟ್ಟು, ಚಹಾ ಕುಡಿದು ಬಂದು, ಕಲ್ಲು ತೆಗೆದು ಮತ್ತೆ ಸ್ಕೇಲು ಇಟ್ಟ.

"ಚೆನ್ನಾಗಿದೆ," ಎಂದ. "ಆದ್ರೆ ಇವತ್ತು ಚೆನ್ನಾಗಿರೋದು ನಾಳೆ ಸೊಟ್ಟ ಆಗಿದ್ದನ್ನ ಬಹಳ ನೋಡಿದೀನಿ. ಒಂದು ವಾರ ಇಲ್ಲೇ ಇರ್ಲಿ."

ಪ್ರೇಮಮ್ಮ ಜೊತೆಗೆ ಬಂದಿದ್ದ ನಿಂಗಯ್ಯನ ಮುಖ ನೋಡಿದಳು. ಅವನು ಕಿಟಕಿಯ ಆಚೆ ನೋಡುತ್ತಿದ್ದ.

"ಎರಡು ವಾರ ಇಟ್ಕೊಳ್ಳಿ," ಎಂದಳು.

ನಿಶಾಂತ್ ನಕ್ಕ. "ಒಂದೇ ಸಾಕು. ಮತ್ತೆ, ಪ್ರೇಮಮ್ಮೋರೆ, ಆ ಎರಡು ಸಾವಿರ ಸೋಮವಾರವೇ ಹೋಯ್ತು. ಹೇಳಿದ್ದೆನಲ್ಲ."

"ಹೇಳಿದ್ರಿ."

ಆ ಒಂದು ವಾರ ಅವಳು ಗೋಡೌನಿಗೆ ಫೋನು ಮಾಡಲಿಲ್ಲ. ಒಂದೆರಡು ದಿನ ತಡವಾಗಿಯಾದರೂ ಎದುರು ಮನೆಗೆ ಕಲ್ಲು ವಾಪಸ್ ಕೊಟ್ಟಳು. ಸಂತೆಪೇಟೆಗೆ ಹೋಗಿ ಹಳೇ ಪೇಪರು ಎಷ್ಟಕ್ಕೆ ಸಿಗುತ್ತೆ ವಿಚಾರಿಸಿಕೊಂಡು ಬಂದಳು. ಕಲ್ಲಿನ ಬದಲಿಗೆ ಕಬ್ಬಿಣದ ಒತ್ತುಯಂತ್ರ ಮಾಡಿಕೊಡುವವನೊಬ್ಬನನ್ನು ಹುಡುಕಿ, ತಿರುಪು ಎಷ್ಟು ದಪ್ಪ ಇರಬೇಕು ಎಂದು ಅವನ ಜೊತೆ ವಾದ ಮಾಡಿದಳು. ಆರ್ಡರ್ ಬಂದಿಲ್ಲವಲ್ಲ, ಇದೆಲ್ಲ ಯಾಕೆ ಎಂದು ನಿಂಗಯ್ಯ ಕೇಳಿದ್ದಕ್ಕೆ, ಬಂದ ಮೇಲೆ ಹುಡುಕೋಕೆ ಪುರುಸೊತ್ತು ಇರಲ್ಲ ಎಂದಳು.

ಮುಂದಿನ ಗುರುವಾರ ಹತ್ತೂಕಾಲಿಗೆ ಫೋನು ಬಂತು. ಅವಳು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರು ಹಾಕಿದಳು. ಹತ್ತರಲ್ಲಿ ಒಂಬತ್ತು ನೆಟ್ಟಗಿವೆ, ಇನ್ನೊಂದರ ಮೂಲೆ ಕೂದಲೆಳೆಯಷ್ಟು ಎದ್ದಿದೆ, ಅಷ್ಟು ನಡೆಯುತ್ತೆ ಎಂದು ನಿಶಾಂತ್ ಹೇಳಿದ. ಮೂರು ಸಾವಿರ ಡಬ್ಬ, ದರ ಐವತ್ತೆರಡೇ, ಒಂದು ಪೈಸೆ ಹೆಚ್ಚಿಲ್ಲ. ಮೂರು ತಿಂಗಳ ಅವಧಿ.

"ವಾರಕ್ಕೆ ಇನ್ನೂರೈವತ್ತರ ಮೇಲೆ ಕೇಳಬೇಡಿ," ಎಂದಳು ಪ್ರೇಮಮ್ಮ. "ಒಣಗೋ ಅಷ್ಟು ಒಣಗಬೇಕು."

"ಕೇಳಲ್ಲ."

ಹೋದದ್ದು ಎರಡು ಸಾವಿರ ಡಬ್ಬದ ಕೆಲಸ, ಮೊದಲ ಲೆಕ್ಕದ ಒಂಬತ್ತರಲ್ಲಿ ಡಬ್ಬಕ್ಕೆ ಐದು ರೂಪಾಯಿಯ ಲಾಭ, ಮತ್ತು ಸುಮಾ. ಗಾರ್ಮೆಂಟ್ಸಿನವರು ತಿಂಗಳ ಸಂಬಳ ಕೊಡುತ್ತೇವೆ ಅಂದದ್ದರಿಂದ ಅವಳು ಒಂದನೇ ತಾರೀಕು ಅಲ್ಲಿಗೇ ಹೋದಳು. ಪ್ರೇಮಮ್ಮ ತಡೆಯಲಿಲ್ಲ. ಸಿಕ್ಕಿದ್ದು ಮೂರು ಸಾವಿರ ಡಬ್ಬ, ಐದು ಹೆಂಗಸರಿಗೆ ಮೂರು ತಿಂಗಳು ದಿನಾ ಕೆಲಸ, ಡಬ್ಬಕ್ಕೆ ನಾಲ್ಕು ರೂಪಾಯಿಯಂತೆ ಹನ್ನೆರಡು ಸಾವಿರ. ಯುಗಾದಿ ಬಂತು. ಬಾಗಿಲು ಹಾಕಲಿಲ್ಲ.